ಮದರಂಗಿ–ನೀಲಿ ಜೋಡಿ ಪೊಟ್ಟಣ: ಕಾಸರಗೋಡಿನ ತಲೆಗೂದಲಿಗೆ ಎಷ್ಟು ಒಪ್ಪುತ್ತದೆ?

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ನರೆಗೂದಲಿಗೆಂದು ಸಿಗುವ ಪುಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕೆಂಪು ಬಣ್ಣ ಕೊಡುವ ಬರೇ ಮದರಂಗಿ ಪುಡಿ ಒಂದು. ನೀರಲ್ಲಿ ಕಲಸಿ ಹಚ್ಚಿದರೆ ಅರ್ಧ ಗಂಟೆಯಲ್ಲಿ ಕಪ್ಪಾಗಿಸುವ ‘ಬ್ಲ್ಯಾಕ್ ಹೆನ್ನಾ’ ಸ್ಯಾಶೆ ಇನ್ನೊಂದು. ಆಯುರ್ವೇದ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುವ, ಮದರಂಗಿ 100 ಗ್ರಾಂ, ನೀಲಿ ಸೊಪ್ಪಿನ (ಇಂಡಿಗೋ ಗಿಡದ ಎಲೆಯ) ಪುಡಿ 100 ಗ್ರಾಂ ಇರುವ ಜೋಡಿ ಪೊಟ್ಟಣ ಮೂರನೆಯದು. ಇಲ್ಲಿ ಹೇಳುವುದು, ಮೊದಲು ಮದರಂಗಿ, ಅದರ ಮೇಲೆ ನೀಲಿ ಹಚ್ಚಿ ಕಪ್ಪು ಮಾಡುವ ಈ ಜೋಡಿಯ ವಿಷಯ. ಯಾವ ಕಂಪೆನಿಯದ್ದು ಎಂಬುದಕ್ಕಿಂತ ಒಳಗೇನಿದೆ, ಹೇಗೆ ಹಚ್ಚುತ್ತೀರಿ ಎಂಬುದೇ ಇದರಲ್ಲಿ ಹೆಚ್ಚು ಮುಖ್ಯ.

ಒಂದೇ ಮನೆಯ ಮೂರು ತಲೆಮಾರಿನ ಹೆಂಗಸರನ್ನು ಕೂರಿಸಿ ನೋಡಿದರೆ ಈ ಮೂರು ಪೊಟ್ಟಣಗಳು ಯಾಕೆ ಬಂದವು ಎಂದು ತಿಳಿಯುತ್ತದೆ. ಅಜ್ಜಿಯ ಕಾಲಕ್ಕೆ ಮದರಂಗಿ ಇದ್ದದ್ದು ಅಂಗೈಗೆ, ಉಗುರಿಗೆ, ಮದುವೆಗೆ. ತಲೆಗೆ ತೆಂಗಿನೆಣ್ಣೆ, ವಾರಕ್ಕೊಮ್ಮೆ ದಾಸವಾಳದ ಎಲೆಯ ಗೊಂಪು (ಲೋಳೆ) ಅಥವಾ ಅಂಟುವಾಳ. ಎಣ್ಣೆ ಹಾಕಿ ಬಾಚಿ ತುರುಬು ಕಟ್ಟಿದರೆ ಬಿಳಿ ಕೂದಲೂ ಅಚ್ಚುಕಟ್ಟು; ಕೆದರಿದ ಕೂದಲಿಗೆ ಮಾತ್ರ ಬೈಗುಳ. ಅಮ್ಮನ ಕಾಲಕ್ಕೆ ಶಾಲೆ, ಬ್ಯಾಂಕು, ಆಫೀಸಿನ ಕೆಲಸ ಬಂತು. ಬಿಳಿ ಕೂದಲೆಂದರೆ ವಯಸ್ಸಾಯಿತು, ಕೆಂಪು ಕೂದಲೆಂದರೆ ಹಳ್ಳಿಯವಳು ಎಂಬ ಮಾತೂ ಬಂತು. ಭಾನುವಾರ ಹಚ್ಚಿ ಸೋಮವಾರಕ್ಕೆ ಕಪ್ಪಾಗಬೇಕು. ಸ್ಯಾಶೆ ಗೆದ್ದದ್ದು ಅಲ್ಲಿ. ಮಗಳಿಗೆ ಈಗ ಕಪ್ಪೇ ಬೇಕೆಂದಿಲ್ಲ. ಕಂದು ಆದೀತು, ಬರ್ಗಂಡಿ ಆದೀತು, ಆದರೆ ಪೊಟ್ಟಣದ ಹಿಂಬದಿ ಓದದೆ ಆಕೆ ಕೊಳ್ಳುವುದಿಲ್ಲ. ಈ ವಿಷಯದಲ್ಲಿ ಮಗಳ ಅಭ್ಯಾಸವೇ ಸರಿ.

ಯಾಕೆಂದರೆ ಮದರಂಗಿ ಒಂದರಿಂದಲೇ ಕೂದಲು ಕಪ್ಪಾಗುವುದಿಲ್ಲ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕಿತ್ತಳೆ-ಕೆಂಪು ಕೊಡುತ್ತದೆ, ಅಷ್ಟೆ. ಅರ್ಧ ಗಂಟೆಯಲ್ಲಿ ಕಡುಗಪ್ಪು ಮಾಡುವ ‘ಹೆನ್ನಾ’ದಲ್ಲಿ ಕೆಲಸ ಮಾಡುವುದು ಸಾಮಾನ್ಯವಾಗಿ ಪ್ಯಾರಾ ಫಿನೈಲೀನ್ ಡೈಅಮೀನ್, ಅಂದರೆ ಪಿಪಿಡಿ ಎಂಬ ರಾಸಾಯನಿಕ. ಇದು ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಆದರೆ ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಹಚ್ಚಿದ ಒಂದೆರಡು ದಿನದ ಮೇಲೆ ನೆತ್ತಿ ತುರಿಸಿ, ಕಣ್ಣಿನ ರೆಪ್ಪೆ ಬಾತುಕೊಳ್ಳುತ್ತದೆ. ನಡುವೆ ದಿನ ಕಳೆದಿರುವುದರಿಂದ ಎಷ್ಟೋ ಮಂದಿಗೆ ಅದು ಬಣ್ಣದಿಂದ ಎಂದು ಹೊಳೆಯುವುದೇ ಇಲ್ಲ. ಇನ್ನು ಕೆಲವರಿಗೆ ತುರಿಕೆಯೇ ಇಲ್ಲದೆ ಹಣೆಯ ಅಂಚು, ಕಿವಿಯ ಮುಂದಿನ ಭಾಗ ವರ್ಷಗಟ್ಟಲೆಯಲ್ಲಿ ನಿಧಾನವಾಗಿ ಕಪ್ಪಾಗುತ್ತದೆ. ಆಮೇಲೆ ಆ ಕಪ್ಪಿಗೆ ಬಿಳುಪಿನ ಕ್ರೀಮು ಹುಡುಕುವುದು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಶುರುಮಾಡಿದ ‘ಆಪರೇಷನ್ ಸೌಂದರ್ಯ’ ತಪಾಸಣೆಯಲ್ಲಿ ಇಂಥ ಕ್ರೀಮುಗಳಲ್ಲಿ ಪಾದರಸ ಸಿಕ್ಕಿದ್ದನ್ನು ನೆನಪಿಟ್ಟುಕೊಂಡರೆ, ಒಂದು ತಪ್ಪು ಇನ್ನೊಂದಕ್ಕೆ ಹೇಗೆ ದಾರಿ ಮಾಡುತ್ತದೆ ಎಂದು ಗೊತ್ತಾದೀತು.

ಹಾಗಾಗಿ ಕೊಳ್ಳುವಾಗಲೇ ನೋಡಬೇಕಾದ್ದು ಇಷ್ಟು. ಜೋಡಿ ಪೊಟ್ಟಣದಲ್ಲಿ ಎರಡೂ ಪುಡಿ ಬೇರೆಬೇರೆ ಲಕೋಟೆಯಲ್ಲಿರಬೇಕು. ಒಳಗಿರುವ ವಸ್ತುಗಳ ಪಟ್ಟಿಯಲ್ಲಿ ಒಂದರ ಮೇಲೆ ಲಾಸೋನಿಯಾ ಇನರ್ಮಿಸ್ (ಮದರಂಗಿ), ಇನ್ನೊಂದರ ಮೇಲೆ ಇಂಡಿಗೋಫೆರಾ ಟಿಂಕ್ಟೋರಿಯಾ (ನೀಲಿ) ಎಂಬ ಹೆಸರು ಬಿಟ್ಟು ಬೇರೇನೂ ಇರಬಾರದು. ತಮಿಳುನಾಡಿನಿಂದ ಬರುವ ಪೊಟ್ಟಣದಲ್ಲಿ ನೀಲಿಗೆ ‘ಅವುರಿ’ ಎಂದಿರುತ್ತದೆ, ಗೊಂದಲ ಬೇಡ. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್, ತಯಾರಾದ ತಿಂಗಳು ಇಲ್ಲದಿದ್ದರೆ ವಾಪಸು ಕೊಡಿ. ಪಿಪಿಡಿ ಇರುವ ಬಣ್ಣದ ಮೇಲೆ, ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕು, ಹುಬ್ಬು-ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು ಎಂಬ ಎಚ್ಚರಿಕೆ ಅಚ್ಚಾಗಿರಬೇಕೆಂಬುದು ಕಾನೂನು. ಹಸಿರು ಎಲೆಯ ಚಿತ್ರವಿದ್ದೂ ಆ ಸಾಲು ಕಂಡರೆ ಒಳಗಿರುವುದು ಬರೇ ಎಲೆ ಎಂದು ನಂಬಬೇಡಿ. ಮನೆಯಲ್ಲಿ ಒಂದು ಚಮಚ ಮದರಂಗಿ ಪುಡಿಯನ್ನು ಬಿಳಿ ತಟ್ಟೆಯಲ್ಲಿ ತಣ್ಣೀರಿಗೆ ಹಾಕಿ. ತಕ್ಷಣ ಗಾಢ ಹಸಿರು ಅಥವಾ ಗಾಢ ಕೆಂಪು ಬಿಟ್ಟರೆ ಬೆರಕೆ ಇರುವ ಸಂಶಯ. ಶುದ್ಧ ಪುಡಿ ಮಂಕು ಹಸಿರಾಗಿಯೇ ಕೂತು ನಿಧಾನವಾಗಿ ಕಂದು ಬಿಡುತ್ತದೆ.

ಅಳತೆ. ಬೈತಲೆ, ಕೆನ್ನೆಬದಿಯ ನರೆಗೆ ಮಾತ್ರವಾದರೆ ತಲಾ 30–40 ಗ್ರಾಂ ಸಾಕು. ಭುಜದವರೆಗಿನ ಕೂದಲಿಗೆ ತಲಾ 100 ಗ್ರಾಂ ಪೂರ್ತಿ ಬೇಕು. ಸೊಂಟದವರೆಗಿನ ಜಡೆಗೆ ಒಂದು ಜೋಡಿಯಲ್ಲಿ ಮುಗಿಯದು, ಮೂರು ಬೇಕಾದೀತು. ಗಂಡಸರ ಗಡ್ಡಕ್ಕೆ 10–15 ಗ್ರಾಂ.

ಹಿಂದಿನ ದಿನವೇ ತಲೆ ತೊಳೆದು ಎಣ್ಣೆ ಪೂರಾ ತೆಗೆಯಬೇಕು. ನಮ್ಮ ಕಡೆ ಹೆಚ್ಚು ಕೆಡುವುದೇ ಇಲ್ಲಿ. ದಿನಾ ತೆಂಗಿನೆಣ್ಣೆ ಕುಡಿದ ಕೂದಲಿಗೆ ಮದರಂಗಿ ಹಿಡಿಯುವುದಿಲ್ಲ, ಅದರಲ್ಲೂ ಬುಡದಲ್ಲಿ. ಗೊಂಪು ಮಾತ್ರ ಹಾಕಿದರೆ ಕೂದಲು ನುಣುಪಾಗುತ್ತದೆ, ಎಣ್ಣೆ ಹೋಗದು. ಅಂಟುವಾಳದಲ್ಲೋ ಕಂಡಿಷನರ್ ಇಲ್ಲದ ಶ್ಯಾಂಪೂವಿನಲ್ಲೋ ಎರಡು ಸಲ ತೊಳೆಯಿರಿ. ಪೊಟ್ಟಣಕ್ಕೆ ‘ಬುಡದಲ್ಲಿ ಬಣ್ಣ ಹಿಡಿಯಲಿಲ್ಲ’ ಎಂದು ಒಂದು ನಕ್ಷತ್ರ ಕೊಡುವವರು ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು.

100 ಗ್ರಾಂ ಮದರಂಗಿಗೆ 300ರಿಂದ 400 ಮಿಲಿ ಉಗುರುಬೆಚ್ಚಗಿನ ನೀರು, ದೋಸೆ ಹಿಟ್ಟಿಗಿಂತ ತುಸು ಗಟ್ಟಿ. ಸ್ವಲ್ಪ ಹುಳಿ ಬಣ್ಣ ಬಿಡಲು ಸಹಾಯ ಮಾಡುತ್ತದೆ. ಒಂದು ಚಮಚ ಲಿಂಬೆರಸ ಸಾಕು, ಹೆಚ್ಚಾದರೆ ಕೂದಲು ಒಣಗುತ್ತದೆ. ಏಪ್ರಿಲ್-ಮೇಯ ಸೆಕೆಗೆ 5–6 ಗಂಟೆ, ಮಳೆಗಾಲಕ್ಕೆ ರಾತ್ರಿಯಿಡೀ ನೆನೆಯಲಿ. ಅಂಗೈಗೆ ಚುಕ್ಕೆ ಇಟ್ಟು ಐದು ನಿಮಿಷಕ್ಕೆ ಕಿತ್ತಳೆ ಕಲೆ ಬಂದರೆ ಸಿದ್ಧ. ಕಬ್ಬಿಣದ ಬಾಣಲೆಯಲ್ಲಿ ನೆನೆಸುವ, ಚಹಾ ಡಿಕಾಕ್ಷನ್ ಹಾಕುವ ಹಳೆಯ ಪದ್ಧತಿಯಿಂದ ಬಣ್ಣ ಸ್ವಲ್ಪ ಕಂದಾಗುತ್ತದೆ. ಆದರೆ ನೀಲಿ ಹಚ್ಚುವವರಿಗೆ ಅದರ ಅಗತ್ಯವಿಲ್ಲ. ಪಿಂಗಾಣಿ ಅಥವಾ ಪ್ಲಾಸ್ಟಿಕ್ ಬೋಗುಣಿಯೇ ಮೇಲು. ಬಕೆಟಿನ ತಳದಲ್ಲಿ ಕೆಂಪು ಕೂರುವ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವಿರುತ್ತದೆ, ಬಣ್ಣ ಮಂಕಾಗಬಹುದು. ಕಲಸಲು ಬಾವಿಯ ಅಥವಾ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ತಿಳಿನೀರು ತೆಗೆದುಕೊಳ್ಳಿ. ಕೂದಲಿಗೆ ಹಚ್ಚಿ, ಮೂರು ಗಂಟೆ ಬಿಟ್ಟು ಬರೇ ನೀರಲ್ಲಿ ತೊಳೆಯಿರಿ. ಈ ಹಂತದಲ್ಲಿ ಬಿಳಿ ಕೂದಲು ಹೊಳೆವ ಕಿತ್ತಳೆಯಾಗಿರುತ್ತದೆ, ಗಾಬರಿ ಬೇಡ.

ನೀಲಿಯ ಸ್ವಭಾವ ಪೂರ್ತಿ ಬೇರೆ. ಅದನ್ನು ನೆನೆಹಾಕಿ ಇಡಬಾರದು, ಹುಳಿ ಸೋಕಿಸಬಾರದು. 100 ಗ್ರಾಂ ಪುಡಿಗೆ ಒಂದು ಸಣ್ಣ ಚಮಚ ಉಪ್ಪು, ಉಗುರುಬೆಚ್ಚಗಿನ ನೀರು. 10–15 ನಿಮಿಷದಲ್ಲಿ ಮೇಲ್ಮೈ ನೀಲಿಗೆ ತಿರುಗುತ್ತದೆ. ಆಗಲೇ ಹಚ್ಚಲು ಶುರು. ಎಲೆಯೊಳಗಿನ ಬಣ್ಣ ಗಾಳಿ ತಾಗಿ ನೀಲಿಯಾಗುವ ಆ ಹೊತ್ತಿನಲ್ಲಿ ಅದು ಕೂದಲಲ್ಲಿರಬೇಕು, ಬೋಗುಣಿಯಲ್ಲಲ್ಲ. ಉದ್ದ ಕೂದಲಾದರೆ ಎರಡು ಕಂತಿನಲ್ಲಿ ಕಲಸಿ. ನರೆ ಹೆಚ್ಚಿರುವ ಕೆನ್ನೆಬದಿಯಿಂದ ಶುರುಮಾಡಿ, ಪ್ಲಾಸ್ಟಿಕ್ ಸುತ್ತಿ ಒಂದೂವರೆ ಗಂಟೆ ಬಿಡಿ. ತೊಳೆದಾಗ ಹಸಿರು ಛಾಯೆ ಕಾಣುತ್ತದೆ. ಎರಡು ದಿನದಲ್ಲಿ ಕಪ್ಪಿಗೆ ಇಳಿಯುತ್ತದೆ. ಆ ಎರಡು ದಿನ ಶ್ಯಾಂಪೂ ಬೇಡ, ತಲೆದಿಂಬಿಗೆ ಹಳೆ ಬಟ್ಟೆ ಹಾಕಿ. ಮದರಂಗಿ ಹಚ್ಚದೆ ಬಿಳಿ ಕೂದಲಿಗೆ ನೇರ ನೀಲಿ ಹಚ್ಚಿದರೆ ಹಸಿರು-ನೀಲಿಯೇ ಉಳಿಯುತ್ತದೆ.

ಕಂದು ಸಾಕೆನ್ನುವವರು ನೆನೆದ ಮದರಂಗಿಗೆ ಅಷ್ಟೇ ಪ್ರಮಾಣದ ನೀಲಿಯನ್ನು ಹಚ್ಚುವ ಮೊದಲು ಬೆರೆಸಿದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಇವರು ಲಿಂಬೆ ಹಾಕಬಾರದು.

ಹದಿನೆಂಟು-ಇಪ್ಪತ್ತರಲ್ಲಿ ನರೆ ಬಂದ ಮಗಳಿಗೆ ಅಮ್ಮಂದಿರು ಇದನ್ನು ಹಚ್ಚುವ ಮೊದಲು ಅವಳನ್ನೇ ಕೇಳಬೇಕು. ನೀಲಿ ಕೂತ ಕೂದಲನ್ನು ಮುಂದೆ ಪಾರ್ಲರಿನಲ್ಲಿ ಬ್ಲೀಚ್ ಮಾಡಿದರೆ ಹಸಿರಾಗಬಹುದು, ಹೈಲೈಟ್ ಸರಿಯಾಗಿ ಕೂರದಿರಬಹುದು. ಮದರಂಗಿ ಒಂದನ್ನೇ ಕಪ್ಪು ಕೂದಲಿಗೆ ಹಚ್ಚಿದರೆ ಬಿಸಿಲಲ್ಲಿ ಸ್ವಲ್ಪ ಕೆಂಪು ಮಿಂಚೀತು, ಬರ್ಗಂಡಿ ಆಗದು; ಗಿಡದ ಬಣ್ಣಕ್ಕೆ ಕೂದಲನ್ನು ತಿಳಿಗೊಳಿಸುವ ಶಕ್ತಿಯಿಲ್ಲ. ಶುದ್ಧ ಎಲೆಯೆಂದರೂ ಮೊಣಕೈ ಒಳಬದಿಗೆ ಹಚ್ಚಿ 48 ಗಂಟೆ ನೋಡುವುದು ತಪ್ಪಬಾರದು. ಎಳೆ ಮಕ್ಕಳ ಅಂಗೈಗೆ ಮದರಂಗಿ ಬೇಡವೇ ಬೇಡ: ಜಿ6ಪಿಡಿ ಕಿಣ್ವದ ಕೊರತೆಯಿರುವ ಮಗುವಿನ ರಕ್ತಕಣಗಳು ಲಾಸೋನ್‌ನಿಂದ ಒಡೆಯಬಹುದು.

ದೂರುವುದಿದ್ದರೆ ಸಮಯವನ್ನು ದೂರಬೇಕು. ಅರ್ಧ ದಿನ ಹೋಗುತ್ತದೆ, ಕೆಲಸಕ್ಕೆ ಹೋಗುವವರಿಗೆ ರಜೆಯ ದಿನವೇ ಆಗಬೇಕು. ತಲೆಶೀತ ಆಗುವವರು ಮಳೆಗಾಲದಲ್ಲಿ ಬೆಳಿಗ್ಗೆಯ ಬದಲು ನಡುಹಗಲು ಹಚ್ಚಲಿ. ತೆರೆದ ಪೊಟ್ಟಣ ನಮ್ಮ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ನೀಲಿಯಂತೂ ಇನ್ನೂ ಬೇಗ. ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿಡಿ, ವರ್ಷ ದಾಟಿದ್ದನ್ನು ಕೊಳ್ಳಬೇಡಿ. ಇಷ್ಟಾದರೂ ನರೆ ಮುಚ್ಚಲೇಬೇಕೆನ್ನುವವರಿಗೆ ಸ್ಯಾಶೆಗಿಂತ ಇದನ್ನೇ ಧೈರ್ಯವಾಗಿ ಹೇಳಬಹುದು.

ಮುಂದೆ ನಾಲ್ಕೈದು ವಾರಕ್ಕೊಮ್ಮೆ ಬುಡಕ್ಕೆ ಮಾತ್ರ ಹಚ್ಚಿದರೆ ಸಾಕು. ಸಾಕಪ್ಪಾ, ಅಜ್ಜಿಯ ಹಾಗೆ ಬಿಳಿಯೇ ಇರಲಿ ಎಂದು ತೀರ್ಮಾನಿಸಿದವರು ಒಮ್ಮೆಲೇ ನಿಲ್ಲಿಸಿದರೆ ಬೈತಲೆಯಲ್ಲಿ ಕಪ್ಪು-ಬಿಳಿಯ ಗೆರೆ ಎದ್ದು ಕಾಣುತ್ತದೆ. ಮೊದಲ ಎರಡು ಸಲ ಬುಡಕ್ಕೆ ಸಮಪಾಲಿನ ಕಂದು ಹಚ್ಚಿ, ಮತ್ತೆ ಬಿಡಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ; ಭುಜದವರೆಗಿನ ಕೂದಲು ಪೂರ್ತಿ ಬಿಳಿಯಾಗಲು ಎರಡು ವರ್ಷಕ್ಕೂ ಮೇಲೆ ಬೇಕು, ತುದಿ ಕತ್ತರಿಸುತ್ತಾ ಬಂದರೆ ಅಷ್ಟು ಬೇಡ.