ಖುಷ್ಕಿ ಹೊಲಕ್ಕೆ ಯಾವ ರಾಗಿ? ಎಂಎಲ್-365, ಜಿಪಿಯು-28, ಎಂಆರ್-6

ಶಿರಾ, ಮಧುಗಿರಿ, ಗುಡಿಬಂಡೆ, ಬಾಗೇಪಲ್ಲಿ ಕಡೆಯ ಮರಳು ಬೆರೆತ ಕೆಮ್ಮಣ್ಣಿನ ಹೊಲ, ಬೋರ್ ನೀರಿಲ್ಲ, ಮಳೆ ನಂಬಿಕೊಂಡೇ ಬಿತ್ತನೆ ಅನ್ನೋದಾದರೆ ನನ್ನ ಓಟು ಎಂಎಲ್-365ಕ್ಕೆ. ಜಿಪಿಯು-28 ಎರಡನೇದು, ಅದೂ ಕೂದಲೆಳೆಯಷ್ಟು ಹಿಂದೆ. ಎಂಆರ್-6 ಕೂಡ ಒಳ್ಳೆ ತಳಿಯೇ, ಆದರೆ ಅದಕ್ಕೆ ಬೇಕಾದ ಹೊಲ ಬೇರೆ. ಮೂರನ್ನೂ ಒಂದೇ ಹೊಲದಲ್ಲಿ ಪಟ್ಟೆ ಪಟ್ಟೆಯಾಗಿ ಬಿತ್ತಿ, ಒಂದೇ ಗೊಬ್ಬರ ಕೊಟ್ಟು, ಒಂದೇ ದಿನ ಕುಂಟೆ ಹೊಡೆದು ನೋಡಿ ಹೇಳ್ತಿರೋ ಮಾತಿದು.

ಮೊದಲು ದಿನದ ಲೆಕ್ಕ, ಯಾಕಂದ್ರೆ ಗೆಲ್ಲೋದು ಸೋಲೋದು ಅಲ್ಲೇ. ಎಂಎಲ್-365 ಮತ್ತು ಜಿಪಿಯು-28 ಎರಡೂ ಹೆಚ್ಚುಕಮ್ಮಿ 110ರಿಂದ 115 ದಿನದ ತಳಿ. ಎಂಆರ್-6ಗೆ 125 ದಿನ ದಾಟುತ್ತೆ. ಈ ಹತ್ತು ಹದಿನೈದು ದಿನದ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಆಶ್ಲೇಷ ಮಳೆಗೆ, ಅಂದರೆ ಆಗಸ್ಟ್ ಮೊದಲ ವಾರ ಬಿತ್ತಿದ್ರೆ 365ರ ತೆನೆ ಚಿತ್ತೆ ಮಳೆ (ಅಕ್ಟೋಬರ್ ನಡುವೆ) ಹೊತ್ತಿಗೆ ಹೊರಗೆ ಬಂದಿರುತ್ತೆ, ಸ್ವಾತಿ ಮಳೆಯಲ್ಲಿ ಕಾಳು ಹಾಲು ತುಂಬುತ್ತೆ. ಅದೇ ದಿನ ಬಿತ್ತಿದ ಎಂಆರ್-6 ತೆನೆ ಬಿಚ್ಚೋ ಹೊತ್ತಿಗೆ ಸ್ವಾತಿ ಬಂದಿರುತ್ತೆ, ಕಾಳು ಕಟ್ಟೋದು ನವೆಂಬರ್‌ನ ವಿಶಾಖದಲ್ಲಿ. ವಿಶಾಖದ ಮಳೆ ನಮ್ಮ ಕಡೆ ಬಂದರೆ ಬಂತು, ಇಲ್ಲದಿದ್ರೆ ಇಲ್ಲ. ರಾಗಿ ಎಂಥ ಬರ ತಡೆಯೋ ಬೆಳೆ ಅಂದ್ರೂ ಹೂವು ಮತ್ತು ಕಾಳು ಕಟ್ಟೋ ಹಂತದಲ್ಲಿ ತೇವ ಇಲ್ಲದಿದ್ರೆ ಇಲುಕಿನ (ತೆನೆಯ ಒಂದೊಂದು ಬೆರಳಿನ) ತುದಿ ಜೊಳ್ಳಾಗುತ್ತೆ. ತೆನೆ ಕೈಯಲ್ಲಿ ಹಿಡಿದು ಉಜ್ಜಿದ್ರೆ ಗೊತ್ತಾಗುತ್ತೆ: ಬುಡದ ಕಡೆ ಕಾಳು ಸಿಗುತ್ತೆ, ತುದಿಯಲ್ಲಿ ಬರೀ ಹೊಟ್ಟು.

ಆರಿದ್ರ, ಪುನರ್ವಸು ಮಳೆಗೇ (ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ) ಬಿತ್ತನೆ ಮುಗಿಸೋರಿಗೆ ಈ ಲೆಕ್ಕ ತಿರುಗಾ ಮುರುಗಾ ಆಗುತ್ತೆ. ಬೇಗ ಬಿತ್ತಿದ ಮೇಲೆ ತೆಂಡೆ (ಬುಡದಿಂದ ಏಳೋ ಮರಿಕವಲು) ಒಡೆಯೋ ಹಂತದಲ್ಲಿ ಎರಡು ಮೂರು ವಾರ ಮಳೆ ಕೈಕೊಟ್ಟರೆ ಎಂಆರ್-6ಗೆ ಚೇತರಿಸಿಕೊಳ್ಳೋಕೆ ಟೈಮ್ ಇರುತ್ತೆ. ಮಳೆ ಬಂದ ಕೂಡಲೇ ಮತ್ತೆ ತೆಂಡೆ ಹೊಡೆದು ಎದ್ದು ನಿಲ್ಲುತ್ತೆ. ಅಲ್ಪಾವಧಿ, ಮಧ್ಯಮಾವಧಿ ತಳಿಗಳು ಅಷ್ಟು ಕಾಯೋದಿಲ್ಲ, ಇದ್ದಷ್ಟರಲ್ಲೇ ತೆನೆಗೆ ಹೋಗಿಬಿಡ್ತವೆ. ಹಾಗಾಗಿ ಜೂನ್ ಕೊನೆಯಲ್ಲಿ ಹದವಾದ ಮಳೆ ಗ್ಯಾರಂಟಿ ಇರೋ ಕಡೆ, ಇಲ್ಲವೇ ಒಂದೆರಡು ನೀರು ಕೊಡೋ ಅನುಕೂಲ ಇರೋ ಕಡೆ, ಎಂಆರ್-6 ಇಳುವರಿಯಲ್ಲಿ ಮಿಕ್ಕ ಎರಡನ್ನೂ ಹಿಂದೆ ಹಾಕುತ್ತೆ. ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ಆ ಗ್ಯಾರಂಟಿ ಯಾರು ಕೊಡ್ತಾರೆ?

ಬೆಂಕಿ ರೋಗದ (ಎಲೆ, ತೆನೆಗೆ ಬರೋ ಶಿಲೀಂಧ್ರ ರೋಗ) ವಿಷಯದಲ್ಲಿ ಜಿಪಿಯು-28ಕ್ಕೆ ಕೈ ಮುಗಿಯಬೇಕು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತಂದ ಇಂಡಾಫ್ ತಳಿಗಳು ಇಳುವರಿಯನ್ನ ಎಲ್ಲಿಂದೆಲ್ಲಿಗೋ ಒಯ್ದವು, ಆದರೆ ಇಂಡಾಫ್-5ರಂಥವಕ್ಕೆ ಕುತ್ತಿಗೆ ಬೆಂಕಿ ಬಿದ್ದರೆ ತೆನೆ ಬುಡ ಕಪ್ಪಾಗಿ ಬಾಗಿ ಇಡೀ ತೆನೆ ಜೊಳ್ಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಇಂಡಾಫ್-5ಕ್ಕೆ ಇಂಡಾಫ್-9 ಮತ್ತು ಆಫ್ರಿಕಾ ಮೂಲದ ಐಇ-1012ರ ಸಂಕರವನ್ನ ಕೂಡಿಸಿ ಜಿಪಿಯು-28 ತೆಗೆದರು. ರೋಗ ತಡೆಯೋ ಗುಣ ಆ ಆಫ್ರಿಕಾ ಕಡೆಯಿಂದ ಬಂದದ್ದು. ಎಂಎಲ್-365ರಲ್ಲೂ ಇಂಡಾಫ್-5 ಮತ್ತು ಐಇ-1012ರ ರಕ್ತವೇ ಇದೆ, ಆದ್ದರಿಂದ ಈ ಎರಡರ ಹೋಲಿಕೆ ಅಣ್ಣ ತಮ್ಮಂದಿರ ಹೋಲಿಕೆ. 2017ರಲ್ಲಿ ರಾಗಿಯ ಜೀನೋಮ್ (ಇಡೀ ವಂಶವಾಹಿ ನಕ್ಷೆ) ಬಿಡಿಸಿ ಪ್ರಕಟಿಸಿದಾಗ ಅದಕ್ಕೆ ಆರಿಸಿಕೊಂಡದ್ದು ಇದೇ ಎಂಎಲ್-365, ಬರ ತಡೆಯೋ ಗುಣಕ್ಕಾಗಿ. ಅಕ್ಟೋಬರ್‌ನಲ್ಲಿ ಜಡಿಮಳೆ ಹಿಡಿದು, ಬೆಳಗ್ಗೆ ಮಂಜು ಕೂತರೆ ಮೂರರಲ್ಲೂ ಎಲೆ ಮೇಲೆ ನಡುವೆ ಅಗಲ, ಎರಡೂ ತುದಿ ಚೂಪಾದ ಚುಕ್ಕೆ ಕಾಣಬಹುದು, ಆದರೆ ಕುತ್ತಿಗೆಗೆ ಇಳಿಯೋದು ಜಿಪಿಯು-28, 365 ಇಬ್ಬರಲ್ಲೂ ಕಡಿಮೆ. ಯೂರಿಯಾ ಜಾಸ್ತಿ ಸುರಿದರೆ ಮಾತ್ರ ಯಾವ ತಳಿಯೂ ಕಾಪಾಡಲ್ಲ. ಅರ್ಧ ಬಿತ್ತನೆಗೆ, ಇನ್ನರ್ಧ ತಿಂಗಳಾದ ಮೇಲೆ ಮಳೆ ನೋಡಿಕೊಂಡು. ಮಳೆ ಇಲ್ಲದಿದ್ರೆ ಎರಡನೇ ಕಂತು ಬಿಟ್ಟುಬಿಡೋದೇ ವಾಸಿ.

ಹಾಗಾದ್ರೆ ಅಣ್ಣನ ಬದಲು ತಮ್ಮ ಯಾಕೆ? ಮಧ್ಯಾಹ್ನ ಎರಡು ಗಂಟೆಗೆ ಹೊಲಕ್ಕೆ ಹೋಗಿ ನೋಡಿ. ತೇವ ಕಮ್ಮಿಯಾದಾಗ ಮೂರೂ ಎಲೆ ಸುರುಳಿ ಸುತ್ತಿಕೊಂಡಿರ್ತವೆ. ಮಾರನೇ ದಿನ ಬೆಳಗ್ಗೆ ಎಂಟಕ್ಕೆ ನೋಡಿದ್ರೆ 365ರ ಎಲೆ ಪೂರ್ತಿ ಬಿಚ್ಚಿಕೊಂಡಿರುತ್ತೆ, ಜಿಪಿಯು-28ರಲ್ಲಿ ಅಲ್ಲಲ್ಲಿ ಇನ್ನೂ ಮಡಿಚಿರುತ್ತೆ. ಒಣಹವೆ ಮುಂದುವರಿದಂತೆ ಈ ಅಂತರ ಬೆಳೀತಾ ಹೋಗುತ್ತೆ, ಕೊನೆಗೆ ಕಾಳಿನ ತೂಕದಲ್ಲಿ ಕಾಣುತ್ತೆ. ಒಳ್ಳೆ ಮಳೆಯ ವರ್ಷ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ.

ಹುಲ್ಲು: ಎಂಆರ್-6 ಮೊದಲು. ಮುದ್ದೆ: ಮೂರೂ ಸರಿ.

ಈಗ ತಲೆನೋವಿನ ವಿಷಯ. ಎಂಎಲ್-365ರ ದೊಡ್ಡ ಕೊರತೆ ತಳಿಯದ್ದಲ್ಲ, ಬೀಜದ್ದು. ಜಿಪಿಯು-28 ಎಲ್ಲೆಡೆ ಸಿಗುತ್ತೆ, 365 ಶುದ್ಧವಾಗಿ ಸಿಗೋದು ಕಷ್ಟ. ಅಂಗಡಿಯೊಂದರಲ್ಲಿ 365 ಅಂತ ಚೀಟಿ ಹಚ್ಚಿ ಕೊಟ್ಟ ಚೀಲ ಬಿತ್ತಿದ ಪಟ್ಟೆಯಲ್ಲಿ ಮುಕ್ಕಾಲು ಪಾಲು ಪೈರು ತೆನೆ ಬಿಚ್ಚಿ ಹೂ ಮುಗಿಸಿದ್ರೂ, ಮಿಕ್ಕದ್ದು ತೆನೆ ಹೊರಬರದೆ ಇನ್ನೂ ಹೊಡೆಯಲ್ಲೇ ಇತ್ತು. ರಾಗಿಯಲ್ಲಿ ಇದು ಬಿತ್ತೋ ಮುಂಚೆ ಗೊತ್ತಾಗೋದೇ ಇಲ್ಲ. ಭತ್ತ, ಅವರೆ, ತೊಗರಿಯಲ್ಲಿ ಬೀಜದ ಬಣ್ಣ, ಆಕಾರ ನೋಡಿ ಅಷ್ಟಿಷ್ಟು ಹೇಳಬಹುದು. ಮೂರು ರಾಗಿ ತಳಿ ಅಂಗೈ ಮೇಲೆ ಹಾಕಿಕೊಟ್ಟರೆ ಹುಟ್ಟಾ ರೈತನಿಗೂ ಬೇರ್ಪಡಿಸೋಕೆ ಆಗಲ್ಲ.

ಬೆರಕೆಯಿಂದ ಆಗೋ ನಷ್ಟ ಕುಯ್ಲಿನಲ್ಲಿ. ಮೊದಲು ಮಾಗಿದ್ದಕ್ಕೆ ಸರಿಯಾಗಿ ಕುಯ್ದರೆ ಹಿಂದೆ ಬಿದ್ದ ತೆನೆ ಹಸಿ, ಕಾಳು ಸುಕ್ಕಾಗಿ ತೂರುವಾಗ ಹೊಟ್ಟಿನ ಜೊತೆ ಹಾರಿಹೋಗುತ್ತೆ. ಹಿಂದಿನದಕ್ಕೆ ಕಾದರೆ ಮೊದಲಿನದು ಒಣಗಿ ಹಕ್ಕಿ, ಇಲಿ ಪಾಲು, ಹುಲ್ಲಿನ ಸಾರವೂ ಹೋಗುತ್ತೆ. ಮಷಿನ್ ಕುಯ್ಲಾದ್ರೆ ಇನ್ನೂ ಕಷ್ಟ: ಹಸಿ ತೆನೆ ಪೂರ್ತಿ ಬಡಿಯೋದಿಲ್ಲ, ಬಡಿದ ಕಾಳಿನ ತೇವ ಒಣ ಕಾಳಿಗೂ ಹತ್ತಿ ಚೀಲದಲ್ಲಿ ಬಿಸಿಯಾಗುತ್ತೆ. ಶೇಕಡ 12ಕ್ಕಿಂತ ಹೆಚ್ಚು ತೇವ ಇಟ್ಟುಕೊಂಡು ಕಟ್ಟಿಟ್ಟ ರಾಗಿಗೆ ಮುಗ್ಗಲು ವಾಸನೆ ಬರೋದು ಖಚಿತ.

ಒಂದು ಸಮಾಧಾನ ಅಂದ್ರೆ ಈ ಬೆರಕೆ ಹೂವಿನಲ್ಲಿ ಆಗೋದು ತೀರಾ ಕಮ್ಮಿ. ರಾಗಿ ಹೂ ಬಿಚ್ಚೋದು ರಾತ್ರಿ ಒಂದರಿಂದ ಬೆಳಗಿನ ಜಾವ ಐದರೊಳಗೆ, ಇಲುಕಿನ ತುದಿಯಿಂದ ಬುಡದ ಕಡೆಗೆ, ಒಂದು ವಾರದ ತನಕ. ಬಿಚ್ಚುವಾಗಲೇ ತನ್ನ ಪರಾಗ ತನಗೇ ಬಿದ್ದಿರುತ್ತೆ. ಸಂಕರ ಮಾಡೋ ತಳಿ ತಜ್ಞರಿಗೆ ಇದೇ ದೊಡ್ಡ ಕಷ್ಟ: ಸಾಸಿವೆಗಿಂತ ಸಣ್ಣ ಹೂವಿನ ಕೇಸರ ಕಿತ್ತು ತೆಗೆಯೋಕೆ ಆಗದೆ, ತೆನೆಯನ್ನ 52 ಡಿಗ್ರಿ ಬಿಸಿನೀರಲ್ಲಿ ಐದು ನಿಮಿಷ ಅದ್ದಿ ಪರಾಗ ಸಾಯಿಸೋದು, ಇಲ್ಲವೇ ಎರಡು ತೆನೆ ಒಟ್ಟಿಗೆ ಕಟ್ಟಿ ಅದೃಷ್ಟ ನೋಡೋದು. ರೈತನಿಗೆ ಅದೇ ವರ. ಒಮ್ಮೆ ಶುದ್ಧ ಮಾಡಿಕೊಂಡ್ರೆ ವರ್ಷಗಟ್ಟಲೆ ತಳಿ ಕೆಡೋದಿಲ್ಲ. ಕೆಡಿಸೋದು ರಸ್ತೆ ಮೇಲೆ ಹರಡಿ ಬಡಿಸೋದು, ಊರೆಲ್ಲಾ ಸುತ್ತಿ ಬಂದ ಮಷಿನ್, ಬಿತ್ತೋ ಕೂರಿಗೆಯ ಬಟ್ಟಲಲ್ಲಿ ಉಳಿದ ಕಾಳು, ಹೋದ ವರ್ಷ ಹೊಲದಲ್ಲಿ ಉದುರಿ ತಾನೇ ಹುಟ್ಟಿದ ರಾಗಿ.

ಶುದ್ಧ ಮಾಡೋ ದಾರಿ ಹೀಗಿದೆ. ಹೊಲದ ಅಂಚು ಬಿಟ್ಟು ನಡುವಿನ ಜಾಗದಲ್ಲಿ, ಒಂದೇ ವಾರದಲ್ಲಿ ತೆನೆ ಬಿಚ್ಚಿದ ಪೈರಿಗೆ ಬಣ್ಣದ ದಾರ ಕಟ್ಟಿ. ಮಾಗಿದಾಗ ಅವುಗಳಲ್ಲಿ ಎತ್ತರ, ಇಲುಕಿನ ಬಾಗು ಒಂದೇ ಥರ ಇರೋ 50 ತೆನೆ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕೈಯಲ್ಲೇ ಉಜ್ಜಿ ಇಡಿ. ಮುಂದಿನ ವರ್ಷ ರಾಗಿ ಬಿತ್ತದಿದ್ದ ಜಾಗದಲ್ಲಿ ತೆನೆಗೊಂದು ಸಾಲು. ಒಂದು ಸಾಲಲ್ಲಿ ಒಂದೇ ಪೈರು ಬೇರೆ ಥರ ಕಂಡರೂ ಇಡೀ ಸಾಲು ಬಿಟ್ಟುಬಿಡಿ, ದನಕ್ಕೆ ಹಾಕಿ. ಉಳಿದ ಸಾಲು ಕೂಡಿಸಿ, ಟಾರ್ಪಾಲ್ ಮೇಲೆ ಕೋಲಿನಿಂದ ಬಡಿದು, ಬೇರೆ ಚೀಲದಲ್ಲಿ ಕಟ್ಟಿ. ಅಷ್ಟು ತಾಳ್ಮೆ ಇಲ್ಲದಿದ್ರೆ ದಾರ ಕಟ್ಟಿದ ಪೈರಿಂದ 1000 ತೆನೆ ಕೊಯ್ದುಕೊಳ್ಳಿ. ತೆನೆಗೆ 5 ಗ್ರಾಂ ಅಂದ್ರೂ 5 ಕೆ.ಜಿ., ಕೂರಿಗೆ ಬಿತ್ತನೆಗೆ ಎಕರೆಗೆ ಸಾಕು.

ಅಸಲಿಗೆ ಅಷ್ಟೂ ಬೇಕಿಲ್ಲ. 30 ಸೆಂ.ಮೀ. ಸಾಲು, ಪೈರಿಂದ ಪೈರಿಗೆ 10 ಸೆಂ.ಮೀ. ಅಂದ್ರೆ ಎಕರೆಗೆ ಸುಮಾರು 1.35 ಲಕ್ಷ ಪೈರು. ಒಂದು ಕೆ.ಜಿ. ರಾಗಿಯಲ್ಲಿ ಮೂರು ಲಕ್ಷಕ್ಕಿಂತ ಹೆಚ್ಚು ಕಾಳಿವೆ. ಕೂರಿಗೆಯಲ್ಲಿ ಸುರಿಯೋದರಲ್ಲಿ ಬಹುಪಾಲನ್ನ ಹಲುಬೆ (ಹಲ್ಲಿನ ಕುಂಟೆ) ಹೊಡೆದು ಕೀಳ್ತೀವಿ. ಸಸಿ ಮಡಿ ಮಾಡಿ ನಾಟಿ ಹಾಕೋರಿಗೆ ಎಕರೆಗೆ 2 ಕೆ.ಜಿ. ಶುದ್ಧ ಬೀಜ ಕೈಲಿದ್ದರೆ ಸಾಕು.

ಅಕ್ಕಡಿ ಸಾಲಲ್ಲಿ (ರಾಗಿ ನಡುವಿನ ಮಿಶ್ರಬೆಳೆ ಸಾಲು) ಅವರೆ ಹಾಕೋರಿಗೂ ಮಧ್ಯಮಾವಧಿ ರಾಗಿಯೇ ಅನುಕೂಲ. ನವೆಂಬರ್‌ನಲ್ಲಿ ರಾಗಿ ಕುಯ್ದ ಕೂಡಲೇ ಅವರೆಗೆ ಬಿಸಿಲು ಸಿಕ್ಕಿ ಹರಡಿಕೊಳ್ಳುತ್ತೆ.

ಎರಡು ಎಕರೆ ಖುಷ್ಕಿ, ಎರಡು ಹಸು, ಕೈ ಕುಯ್ಲು, ಮನೆಗೆ ತಿನ್ನೋಕೆ ರಾಗಿ ಅನ್ನೋ ಲೆಕ್ಕದವರು ಎಂಎಲ್-365 ಹಾಕಿ, ಬೀಜ ಸ್ವಂತ ಮಾಡಿಕೊಳ್ಳಿ. ಬೀಜ ಆರಿಸೋಕೆ ಪುರುಸೊತ್ತಿಲ್ಲ, ಪ್ರತಿ ವರ್ಷ ರೈತ ಸಂಪರ್ಕ ಕೇಂದ್ರದಿಂದಲೇ ತರೋದು ಅನ್ನೋರಿಗೆ ಜಿಪಿಯು-28, ಕಣ್ಣು ಮುಚ್ಚಿ. ಹಾಲಿನ ಡೇರಿಯೇ ಮುಖ್ಯ ಆದಾಯ, ಐದಾರು ಹಸು ಕಟ್ಟಿದ್ದೀವಿ, ಹುಲ್ಲು ಕೊಂಡು ತಂದು ಸಾಕಾಗಿದೆ ಅನ್ನೋರು, ಒಂದೆರಡು ನೀರು ಕೊಡೋ ಬೋರ್ ಇದ್ದರೆ, ಪುನರ್ವಸು ಮುಗಿಯೋದರೊಳಗೆ ಎಂಆರ್-6 ಬಿತ್ತಿಬಿಡಿ. ಮಘ ಮಳೆ (ಆಗಸ್ಟ್ ಕೊನೆ) ತನಕ ಬಿತ್ತನೆಯೇ ಆಗದಿದ್ದರೆ ಮೂರನ್ನೂ ಬಿಟ್ಟು ಅಲ್ಪಾವಧಿಯ ಜಿಪಿಯು-48 ಕೇಳಿ.