ಮೆಡಿಕಲ್ ಸೂಪರಿಂಟೆಂಡೆಂಟ್ ಆಗಿ ಅಂತ ಕರೆದರೆ ಕೂಡಲೇ ಹೂಂ ಅನ್ನಬೇಡಿ

ವಿಜಯಪುರ, ಬಾಗಲಕೋಟೆ ಕಡೆಯ ಡಾಕ್ಟರುಗಳೇ, ದಯವಿಟ್ಟು ಓದಿ. ನನಗಾದದ್ದು ನಿಮಗೆ ಆಗಬಾರದು.

ನನ್ನನ್ನು ಕರೆದದ್ದು ವಿಜಯಪುರದ ಒಂದು ಖಾಸಗಿ ಆಸ್ಪತ್ರೆ. ಹೆಸರು ಬೇಡ. ಮಾಲೀಕರ ಮಾತು ಎಷ್ಟು ಚೆನ್ನಾಗಿತ್ತು ಗೊತ್ತಾ? "ಇಡೀ ಆಸ್ಪತ್ರಿ ನಿಮ್ಮ ಕೈಯಾಗ ಕೊಡ್ತೀವ್ರಿ ಸರ್. ನಾವು ನಡುವ ಬರಂಗಿಲ್ಲ." ನನ್ನ ಒಪಿಡಿ ಅರ್ಧಕ್ಕೆ ಇಳಿಸಿ ಒಪ್ಪಿಕೊಂಡೆ. ಕೆಪಿಎಂಇ ಅಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ನೋಂದಣಿ, ತ್ಯಾಜ್ಯದ ಅನುಮತಿ, ಆಯುಷ್ಮಾನ್ ಕ್ಲೇಮು, ಎಲ್ಲದಕ್ಕೂ ನನ್ನ ಸಹಿ. ಸಹಿ ಮಾತ್ರ ನನ್ನದು. ನರ್ಸುಗಳನ್ನು ತಗೊಳ್ಳೋದು ಅವರು, ಖರೀದಿ ಅವರದು, ದುಡ್ಡು ಅವರದು. ಖರೀದಿ ಬಗ್ಗೆ ಕೇಳಿದರೆ, "ಅದನ್ನ ನಮ್ಮ ಅಳಿಯ ನೋಡ್ತಾನ. ನೀವು ಪೇಷಂಟ್ ನೋಡ್ರಿ."

ಆಸ್ಪತ್ರೆ ಹಿಂದಿನ ಶೆಡ್‌ನಲ್ಲಿ ಹಳದಿ ಚೀಲಗಳ ರಾಶಿ. ಥಿಯೇಟರಿನ ತ್ಯಾಜ್ಯ, ರಕ್ತ ಹತ್ತಿದ ಬಟ್ಟೆ. ಆಸ್ಪತ್ರೆ ತ್ಯಾಜ್ಯದ 2016ರ ನಿಯಮದಲ್ಲಿ ಅಂಥದ್ದನ್ನು 48 ಗಂಟೆಗಿಂತ ಜಾಸ್ತಿ ಇಡುವಂತಿಲ್ಲ. ಆದರೆ ತ್ಯಾಜ್ಯ ಒಯ್ಯುವ ಗಾಡಿಯವರಿಗೆ ಬಾಕಿ ಕೊಟ್ಟಿರಲಿಲ್ಲ, ಅವರು ಬರೋದೇ ನಿಲ್ಲಿಸಿದ್ದರು. ಸೂಜಿ ಹಾಕುವ ಬಿಳಿ ಡಬ್ಬ ಸಹ ತರಿಸಿರಲಿಲ್ಲ. ಪೌರಕಾರ್ಮಿಕರು ಕೈ ಹಾಕುವ ಕಸದಲ್ಲಿ ಸೂಜಿ! ಬಾಕಿ ಕೊಡಿ ಅಂತ ಬರೆದೆ. ಮತ್ತೆ ಬರೆದೆ. "ನೋಡೂಣು ಬಿಡ್ರಿ ಸರ್."

ಕೊನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬಂತು. ನನ್ನ ಹೆಸರಿಗೆ. ಮಾಲೀಕರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆಡಳಿತ ಯಾರ ಕೈಯಲ್ಲಿದೆಯೋ ಅವರೇ ಹೊಣೆ ಅನ್ನುತ್ತೆ ನಿಯಮ. ಕಾಗದದ ಮೇಲೆ ಅದು ನಾನು. ರಿಸೆಪ್ಷನ್‌ನಲ್ಲಿ, ಪೇಷಂಟುಗಳ ಎದುರಿಗೇ ಓದಿದೆ. ಮೈಯೆಲ್ಲ ಉರಿಯಿತು.

ಮಾಲೀಕರು ಏನಂದರು ಕೇಳಿ. "ಇನ್‌ಚಾರ್ಜ್ ನೀವ ಅಲ್ರಿ ಸರ್? ಸಹಿ ನಿಮ್ದ ಅದ." ಸಹಿ ನಿಮ್ದ ಅದ! ಸೂಜಿ ಡಬ್ಬ ತರಿಸುವಷ್ಟು ಅಧಿಕಾರ ಕೊಡದವರು ಹೇಳುವ ಮಾತಾ ಇದು?

ರಾಜೀನಾಮೆ ಕೊಟ್ಟೆ. ಆಸ್ಪತ್ರೆ ಮುಂದಿನ ಬೋರ್ಡಿನಿಂದ ನನ್ನ ಹೆಸರು ತೆಗೆಯಲೇ ಇಲ್ಲ. ಕೇಳಿದರೆ "ನಾಳೆ ತೆಗೀತೀವ್ರಿ". ಸಿಕ್ಕವರೆಲ್ಲ "ಏನ್ ಡಾಕ್ಟ್ರೆ, ನಿಮ್ಮ ಆಸ್ಪತ್ರಿಗೆ ನೋಟಿಸ್ ಬಂದೈತಂತ?" ಅಂತಾರೆ. ತಲೆ ಎತ್ತೋದು ಕಷ್ಟ ಆಗುತ್ತೆ.

ಸ್ಕ್ಯಾನಿಂಗ್ ಇರುವ ಕಡೆಯಾದರೆ ಇನ್ನೂ ಹುಷಾರು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲಿದೆ. ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ತುಂಬುವ ಫಾರ್ಮ್ ಎಫ್ ಸರಿಯಾಗಿ ತುಂಬದಿದ್ದರೂ ಕೇಸು ಬೀಳುತ್ತೆ.

ಖರೀದಿ, ಸಿಬ್ಬಂದಿ, ಹಣ, ಯಾವುದರ ಮೇಲೆ ನಿಮಗೆ ಅಧಿಕಾರ ಅಂತ ನೇಮಕ ಪತ್ರದಲ್ಲೇ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಎದ್ದು ಬನ್ನಿ. ಬಿಡುವಾಗ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ, ಮಾಲಿನ್ಯ ಮಂಡಳಿಗೆ ನೀವೇ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಆಸ್ಪತ್ರೆಯವರೇ ತಿಳಿಸ್ತಾರೆ ಅಂತ ಕಾಯಬೇಡಿ. ನನ್ನ ವಿಷಯದಲ್ಲಿ ಅವರು ಇವತ್ತಿಗೂ ತಿಳಿಸಿಲ್ಲ.