ಆರ್‌ಪಿಎಂಬಿಗೆ ಸುಮ್ನೆ ಕೀ ಬರೆಯಬೇಡಿ, ವಾಪಸ್ ತೆಗೆಯಲು ಆಗುವುದಿಲ್ಲ

ಇಎಂಎಂಸಿ (ಫೈಲ್ ಇಡುವ ಫ್ಲ್ಯಾಶ್ ಮೆಮರಿ ಚಿಪ್) ಇರುವ ಬೋರ್ಡ್‌ನಲ್ಲಿ ಲಿನಕ್ಸ್ ಓಡಿಸುವವರು ದಯವಿಟ್ಟು ಇದನ್ನು ಓದಿ. ಒಂದೇ ಒಂದು ಕಮಾಂಡ್‌ನಿಂದ ನನ್ನ ಚಿಪ್‌ನ ಆರ್‌ಪಿಎಂಬಿ (ಗುಟ್ಟಿನ ಕೀ ಇದ್ದವರು ಮಾತ್ರ ಬರೆಯಬಲ್ಲ ಭದ್ರ ಭಾಗ) ಕೆಲಸಕ್ಕೆ ಬಾರದಂತಾಗಿದೆ.

ಇಎಂಎಂಸಿಯಲ್ಲಿ ನಾವು ಫೈಲ್ ಇಡುವ ಜಾಗವಲ್ಲದೆ ಬೂಟ್0, ಬೂಟ್1, ಆರ್‌ಪಿಎಂಬಿ ಎಂಬ ಬೇರೆ ಪಾರ್ಟಿಷನ್‌ಗಳೂ ಇರುತ್ತವೆ. ಇವು ಎಫ್‌ಡಿಸ್ಕ್‌ನಲ್ಲಿ ಮಾಡಿಕೊಂಡವಲ್ಲ, ಚಿಪ್ಪಿನೊಳಗೇ ಇರುವಂಥವು. ಲಿನಕ್ಸ್ ಪ್ರತಿಯೊಂದನ್ನೂ ಪ್ರತ್ಯೇಕ ಡಿವೈಸ್ ಆಗಿ ತೋರಿಸುತ್ತದೆ. ಬೂಟ್ ಪಾರ್ಟಿಷನ್‌ಗಳಿಗೆ ಕರ್ನಲ್ ಕಾವಲು ಹಾಕಿರುತ್ತದೆ. ಕರ್ನಲ್ ಸೆಟ್ಟಿಂಗ್‌ಗಳು ಸಿಗುವ ಸಿಸ್‌ಎಫ್‌ಎಸ್‌ನಲ್ಲಿರುವ ಫೋರ್ಸ್ ಆರ್‌ಒ (ಓದಲು ಮಾತ್ರ ಬಿಡುವ ಸ್ವಿಚ್) 1ರಿಂದ 0 ಆಗುವವರೆಗೆ ಅಲ್ಲಿ ಬರೆಯಲು ಬಿಡುವುದಿಲ್ಲ. ಆರ್‌ಪಿಎಂಬಿ ಕೀಗೆ ಅಂಥ ಕಾವಲಿಲ್ಲ. ರೂಟ್ ಆಗಿದ್ದರೆ ಸಾಕು.

ಇಎಂಎಂಸಿಯನ್ನು ನಿಭಾಯಿಸುವ ಎಂಎಂಸಿ ಯುಟಿಲ್ಸ್‌ನಲ್ಲಿ ರೀಡ್ ಕೌಂಟರ್ (ಆರ್‌ಪಿಎಂಬಿಗೆ ಎಷ್ಟು ಸಲ ಬರೆದಿದೆ ಅಂತ ಕೇಳುವ ಕಮಾಂಡ್) ಕೊಟ್ಟು ನೋಡಿದೆ. ಆಪರೇಷನ್ ಫೇಲ್ ಆಯಿತು, ಕೋಡ್ 0007 ಅಂತ ಬಂತು. ಕೀ ಇನ್ನೂ ಬರೆದಿಲ್ಲ ಅಂತ ಅದರ ಅರ್ಥ, ಅಷ್ಟೇ. ಹೊಸ ಚಿಪ್ ಹಾಗೇ ಇರಬೇಕು. ಆದರೆ 'ಫೇಲ್' ಅನ್ನುವ ಪದ ಕಂಡ ಕೂಡಲೇ ಏನೋ ಸರಿಮಾಡಬೇಕು ಅನ್ನಿಸುತ್ತದೆ, ಅಲ್ವಾ? ಯಾದೃಚ್ಛಿಕ ಬೈಟ್ ಕೊಡುವ ಯುರಾಂಡಮ್‌ನಿಂದ 32 ಬೈಟ್ ತೆಗೆದು, ಟಿಎಂಪಿ ಫೋಲ್ಡರ್‌ನಲ್ಲಿ ಕೀ ಫೈಲ್ ಮಾಡಿ, ರೈಟ್ ಕೀ ಕೊಟ್ಟೆ. ತಕ್ಷಣ ಬರೆದುಬಿಟ್ಟಿತು. ಕೌಂಟರ್ 0 ಅಂತ ತೋರಿಸಿತು, ಖುಷಿಯಾಯಿತು. ಸಂಜೆ ರೀಬೂಟ್ ಮಾಡಿದೆ. ಟಿಎಂಪಿ ಇದ್ದದ್ದು ರ‍್ಯಾಮ್‌ನಲ್ಲಿ. ಫೈಲ್ ಹೋಯಿತು.

ವಾರ ಕಳೆದ ಮೇಲೆ ಅದೇ ಬೋರ್ಡ್‌ಗೆ ಆಪ್‌ಟೀ (ಗುಟ್ಟಿನ ಕೆಲಸಗಳಿಗಾಗಿ ಲಿನಕ್ಸ್‌ನಿಂದ ಪ್ರತ್ಯೇಕವಾಗಿ ಓಡುವ ಸಾಫ್ಟ್‌ವೇರ್) ಹಾಕಿದೆ. ಅದು ಪ್ರೊಸೆಸರ್‌ನಲ್ಲಿರುವ ಗುಟ್ಟಿನ ಕೀಯಿಂದ ತನ್ನದೇ ಆರ್‌ಪಿಎಂಬಿ ಕೀ ತಯಾರಿಸಿಕೊಳ್ಳುತ್ತದೆ. ಚಿಪ್‌ನಲ್ಲಿ ಕೂತದ್ದು ನನ್ನ ಕೀ. ಎರಡೂ ತಾಳೆಯಾಗಲಿಲ್ಲ. ಸೆಕ್ಯೂರ್ ಸ್ಟೋರೇಜ್ ಶುರುವೇ ಆಗಲಿಲ್ಲ.

ಕೀ ಅಳಿಯಬಹುದೆಂದು ಡಿಡಿ ಕಮಾಂಡ್‌ನಿಂದ ಇಡೀ ಇಎಂಎಂಸಿಗೆ ಸೊನ್ನೆ ತುಂಬಿಸಿದೆ. ಅದು ಫೈಲ್ ಇಡುವ ಜಾಗವಾದ ಯೂಸರ್ ಏರಿಯಾವನ್ನು ಮಾತ್ರ ಅಳಿಸುತ್ತದೆ. ಬೂಟ್ ಪಾರ್ಟಿಷನ್‌ಗಳನ್ನೂ ಮುಟ್ಟುವುದಿಲ್ಲ, ಆರ್‌ಪಿಎಂಬಿಯನ್ನೂ ಮುಟ್ಟುವುದಿಲ್ಲ. ಕೀ ಬರೆಯಲು ಇರುವುದು ಒಂದೇ ಅವಕಾಶ. ಓದುವುದಕ್ಕಾಗಲಿ ಅಳಿಸುವುದಕ್ಕಾಗಲಿ ದಾರಿಯಿಲ್ಲ. ಚಿಪ್ ಬೋರ್ಡ್‌ಗೆ ಬೆಸುಗೆಯಾಗಿದೆ, ಅದನ್ನು ಕಿತ್ತು ಬೇರೆ ಹಾಕುವುದೊಂದೇ ಉಳಿದಿರುವುದು.

ಹಾಗಾಗಿ 0007 ಕಂಡರೆ ಅಲ್ಲಿಗೇ ನಿಲ್ಲಿಸಿ. ಬೋರ್ಡ್‌ನ ಫರ್ಮ್‌ವೇರ್ ಮುಂದೆ ಆರ್‌ಪಿಎಂಬಿ ಬಳಸುತ್ತದಾ ಅಂತ ಮೊದಲು ತಿಳಿದುಕೊಳ್ಳಿ. ಬಳಸುವುದಾದರೆ ಕೀ ಬರೆಯುವ ಕೆಲಸ ಅದಕ್ಕೇ ಬಿಡಿ. ಎನ್‌ಹಾನ್ಸ್‌ಡ್ ಏರಿಯಾ (ಚಿಪ್‌ನಲ್ಲಿ ಹೆಚ್ಚು ಬಾಳಿಕೆ ಬರುವಂತೆ ಮಾಡಿಕೊಳ್ಳುವ ಭಾಗ) ಸೆಟ್ ಮಾಡುವ ಕಮಾಂಡ್‌ಗೂ ಇದೇ ಮಾತು. ಅದರಲ್ಲಿ 'ವೈ' ಆಯ್ಕೆ ಕೊಟ್ಟರೆ ಆ ಬದಲಾವಣೆಯೂ ಶಾಶ್ವತ.